ಇಪ್ಪತ್ತೊಂದು ಮೀಟರಿನಲ್ಲಿ ನಿಲ್ಲಬೇಕೆ?

ಸಾಂತಾಕ್ರೂಜ್ ಪೂರ್ವದ ಬಿಲ್ಲವ ಭವನದ ಬಳಿಯ ಹೋಟೆಲಿನಲ್ಲಿ ಹೋದ ಭಾನುವಾರ ನಾನಾಡಿದ ಮಾತಿಗೆ ಡೈವಿಂಗ್ ಗೆಳೆಯರು ಬೇಸರಪಟ್ಟಿದ್ದಾರೆ. ಐವತ್ತು ಮೀಟರ್ ಆಳದಿಂದ ಏರುವಾಗ ಕೆಳಗೇ ಹೆಚ್ಚು ಹೊತ್ತು ನಿಲ್ಲಿಸುವ ವಿಪಿಎಂ ತರಹದ ಗುಳ್ಳೆ ಮಾದರಿಗಳನ್ನು ನಾನು ಬಿಟ್ಟಿದ್ದೇನೆ, ನೀವೂ ಬಿಡಿ ಎಂದಿದ್ದೆ. ಅವರ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಮೊದಲನೆಯದು: ಮೈಯೊಳಗೆ ಅನಿಲದ ಗುಳ್ಳೆ ಹುಟ್ಟುವ ಮುನ್ನವೇ ಅದುಮಿಡಬೇಕು, ಆದ್ದರಿಂದ ಆಳದಲ್ಲಿ ನಿಲ್ಲುವುದೇ ಸರಿ. ಕೇಳಲು ಸರಿಯೆನಿಸುವ ವಾದ. ನಾನೂ ವರ್ಷಗಟ್ಟಲೆ ಒಪ್ಪಿದ್ದೆ. ಆದರೆ ಆಳದಲ್ಲಿ ನಿಂತಷ್ಟು ಹೊತ್ತೂ ರಕ್ತ ಚುರುಕಾಗಿ ಹರಿಯುವ ಅಂಗಾಂಶಗಳಿಂದ ಅನಿಲ ಹೊರಬರುತ್ತಿದ್ದರೆ, ನಿಧಾನದ ಅಂಗಾಂಶಗಳು ಇನ್ನೂ ತುಂಬಿಕೊಳ್ಳುತ್ತಲೇ ಇರುತ್ತವೆ. ಆ ಸಾಲವನ್ನು ಮೇಲೆ ಬಂದಮೇಲೆ ತೀರಿಸಬೇಕು.

ಇದನ್ನು ಅಮೆರಿಕ ನೌಕಾಪಡೆಯ ಪ್ರಾಯೋಗಿಕ ಡೈವಿಂಗ್ ಘಟಕ ಮನುಷ್ಯರ ಮೇಲೇ ಪರೀಕ್ಷಿಸಿತು. ವರದಿ ಬಂದದ್ದು 2011ರಲ್ಲಿ. ಸುಮಾರು 52 ಮೀಟರ್ ಆಳ, ತಳದಲ್ಲಿ 30 ನಿಮಿಷ. ಎರಡು ಪಟ್ಟಿಗಳು, ಎರಡರಲ್ಲೂ ನಿಲುಗಡೆಯ ಒಟ್ಟು ಸಮಯ 174 ನಿಮಿಷ. ಒಂದರ ಮೊದಲ ನಿಲುಗಡೆ ಸುಮಾರು 12 ಮೀಟರಿನಲ್ಲಿ, ಇನ್ನೊಂದರದು 21ರಲ್ಲಿ. ಮೊದಲನೆಯದು ಕೊನೆಯ 3 ಮೀಟರಿನಲ್ಲಿ 93 ನಿಮಿಷ ಕೊಟ್ಟರೆ, ಎರಡನೆಯದು 72 ನಿಮಿಷ ಮಾತ್ರ. ಫಲಿತಾಂಶ: ಮೇಲೆ ಹೆಚ್ಚು ಹೊತ್ತು ನಿಂತ 192 ಡೈವುಗಳಲ್ಲಿ ಬೆಂಡ್ಸ್ (ಆ ಗುಳ್ಳೆಗಳಿಂದ ಬರುವ ಕಾಯಿಲೆ) 3, ಆಳದಲ್ಲಿ ನಿಂತ 198ರಲ್ಲಿ 11. ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿದರು.

‘ಅವರು ಉಸಿರಾಡಿದ್ದು ಗಾಳಿ, ನಾವು ಉಸಿರಾಡುವುದು ಹೀಲಿಯಂ ಬೆರೆತ ಟ್ರೈಮಿಕ್ಸ್, ಆ ಪಟ್ಟಿ ವಿಪಿಎಂನದೂ ಅಲ್ಲ’ ಎನ್ನುತ್ತೀರಿ. ಎರಡೂ ನಿಜ, ಮೂರು ಗಂಟೆ ಹತ್ತಿರದ ನಿಲುಗಡೆಯನ್ನು ನಮ್ಮಲ್ಲಿ ಯಾರೂ ಮಾಡುವುದಿಲ್ಲ ಎಂಬುದೂ ನಿಜ. ಆದರೆ ಹೀಲಿಯಂ ಬೆರೆಸಿದ ಮಾತ್ರಕ್ಕೆ ನಿಧಾನದ ಅಂಗಾಂಶ ತುಂಬಿಕೊಳ್ಳುವುದನ್ನು ನಿಲ್ಲಿಸುವುದಿಲ್ಲ. 2017ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ 50 ಮೀಟರಿಗೆ ಟ್ರೈಮಿಕ್ಸ್‌ನಲ್ಲೇ ಇಳಿದಿದ್ದರು. ಆಳದ ನಿಲುಗಡೆಗೆ ಒತ್ತು ಕೊಟ್ಟ ಪದ್ಧತಿಯಿಂದ ಅಲ್ಲೂ ಲಾಭ ಕಾಣಲಿಲ್ಲ. ರಕ್ತದಲ್ಲಿ ಉರಿಯೂತದ ಗುರುತುಗಳು ಹೆಚ್ಚಿದ್ದವು. ಉರಿಯೂತವೇ ಬೆಂಡ್ಸ್ ಅಲ್ಲ, ಒಪ್ಪುತ್ತೇನೆ. ಆಳದ ನಿಲುಗಡೆ ಬೆಂಡ್ಸ್ ಕಡಿಮೆ ಮಾಡಿತೆಂದು ತೋರಿಸುವ ಅಂಥದೊಂದು ಮಾನವ ಪರೀಕ್ಷೆ ನಿಮ್ಮ ಕೈಯಲ್ಲಿದ್ದರೆ ತೋರಿಸಿ, ನನ್ನ ಮಾತು ಹಿಂತೆಗೆದುಕೊಳ್ಳುತ್ತೇನೆ.

ನಮ್ಮೊಳಗಿನ ಹಿರಿಯರೊಬ್ಬರ ಮಾತು ನನ್ನನ್ನು ಹೆಚ್ಚು ಕಾಡಿತು: ‘ಇಪ್ಪತ್ತು ವರ್ಷ ಇದೇ ಮಾದರಿಯಲ್ಲಿ ಇಳಿದಿದ್ದೇನೆ, ಏನೂ ಆಗಿಲ್ಲ.’ ಅಣ್ಣಾ, ಸೋತ ಪಟ್ಟಿಯಲ್ಲೂ 187 ಡೈವುಗಳಲ್ಲಿ ಏನೂ ಆಗಲಿಲ್ಲ. ಆ 187ರಲ್ಲಿ ಒಂದನ್ನು ಮಾಡಿ ಬಂದವರು ಪಟ್ಟಿ ಚೆನ್ನಾಗಿದೆ ಎಂದೇ ಹೇಳುತ್ತಿದ್ದರು. ನನ್ನ ಕಥೆಗೂ ಇದೇ ತಕ್ಕಡಿ. ಅಂಡಮಾನಿನಲ್ಲಿ ಆಳದ ಡೈವ್ ಒಂದು ಮುಗಿಸಿ ಸಿಲಿಂಡರ್ ಕಳಚುವಾಗ ಎಡಭುಜದೊಳಗೆ ಹಲ್ಲುನೋವಿನಂಥ ನೋವು ಕಾಣಿಸಿಕೊಂಡಿತ್ತು. ರಾತ್ರಿಯಿಡೀ ಯಾವ ಮಗ್ಗುಲಲ್ಲೂ ಮಲಗಲಾಗಲಿಲ್ಲ. ಆ ಭುಜವನ್ನು ನಾನು ಸಾಕ್ಷಿಯಾಗಿ ತರುತ್ತಿಲ್ಲ. ನಿಮ್ಮ ಇಪ್ಪತ್ತು ವರ್ಷಗಳನ್ನೂ ತರಬೇಡಿ.

ಇನ್ನು ಬಾಂಬೆ ಹೈ ತೈಲಕ್ಷೇತ್ರ. ಜುಹುವಿನಿಂದ ಹೆಲಿಕಾಪ್ಟರ್ ಹತ್ತಿ ಹೋಗುವ ಡೈವರುಗಳು ವಾರಗಟ್ಟಲೆ ಒತ್ತಡದಲ್ಲಿದ್ದು ಕ್ಷೇಮವಾಗಿ ಮರಳುತ್ತಾರಲ್ಲ ಎಂದಿರಿ. ಅದು ಸ್ಯಾಚುರೇಶನ್ ಡೈವಿಂಗ್. ಹಡಗಿನ ಒತ್ತಡದ ಕೋಣೆಯಲ್ಲೇ ಊಟ, ನಿದ್ದೆ. ಕೆಲಸ ಮುಗಿದಮೇಲೆ ಒಮ್ಮೆ ಮಾತ್ರ ಒತ್ತಡ ಇಳಿಸುತ್ತಾರೆ, ಅದೂ ಹೆಚ್ಚುಕಡಿಮೆ 30 ಮೀಟರಿಗೆ ಒಂದು ದಿನದ ಲೆಕ್ಕದಲ್ಲಿ. ತಣ್ಣನೆ ನೀರಿನಲ್ಲಿ ಹಗ್ಗ ಹಿಡಿದು ತೂಗಾಡುವ ನಮಗೆ ಆ ಹೋಲಿಕೆ ಹೊಂದುವುದಿಲ್ಲ.

‘ಹಾಗಾದರೆ ಬ್ಯೂಲ್ಮನ್ ಮಾದರಿ ಮಾತ್ರ ಸತ್ಯವೇ?’ ಅಲ್ಲ. ಕರಗಿದ ಅನಿಲವನ್ನು ಲೆಕ್ಕ ಹಾಕುವ ಆ ಮಾದರಿಯ 16 ಅಂಗಾಂಶಗಳು ಲೆಕ್ಕದ ಡಬ್ಬಗಳು, ನಮ್ಮ ಮೂಳೆ ಮಾಂಸವಲ್ಲ. ಅದರ ಗ್ರೇಡಿಯೆಂಟ್ ಫ್ಯಾಕ್ಟರಿನಲ್ಲಿ ಮೊದಲ ನಿಲುಗಡೆಯನ್ನು ನಿರ್ಧರಿಸುವ ಕೆಳಗಿನ ಅಂಕಿಯನ್ನು 10ಕ್ಕೆ ಇಳಿಸಿದರೆ ಅದೂ ಆಳದಲ್ಲೇ ನಿಲ್ಲಿಸುತ್ತದೆ. ನನ್ನ ಜಗಳ ಇರುವುದು ನಿಮಿಷಗಳನ್ನು ಎಲ್ಲಿ ಕಳೆಯುತ್ತೇವೆ ಎಂಬುದರ ಬಗ್ಗೆ.

ಮುಂದಿನ ಡೈವಿಗೆ ನನ್ನ ಕಂಪ್ಯೂಟರಿನಲ್ಲಿ ಗ್ರೇಡಿಯೆಂಟ್ ಫ್ಯಾಕ್ಟರ್ 50/75 ಇರುತ್ತದೆ, ಕೊನೆಯ ನಿಲುಗಡೆಯಲ್ಲಿ ಐದು ನಿಮಿಷ ಹೆಚ್ಚಿಗೆ. ಜೊತೆಗೆ ಇಳಿಯುವವರು ದೋಣಿ ಹತ್ತುವ ಮುನ್ನವೇ ಹೇಳಿಬಿಡಿ. ಒಬ್ಬರು 21ರಲ್ಲಿ ನಿಂತು ಇನ್ನೊಬ್ಬರು 12ಕ್ಕೆ ಏರಿದರೆ, ಕೆಳಗಿದ್ದವರ ಗ್ಯಾಸ್ ಕೈಕೊಟ್ಟಾಗ ಕೈಚಾಚಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.