ಅದೇ ಪುಡಿ, ಅಲ್ಲಿ ನಿದ್ದೆಗೆ, ಇಲ್ಲಿ ಮಾರ್ಕ್ಸ್‌ಗೆ

ರಾಗಿ ಒಕ್ಕಣೆ ಮುಗೀತು. ಇವತ್ತಿನ ಬರಹ ಬೆಳೆ ಬಗ್ಗೆ ಅಲ್ಲ, ಬೆಳೆದದ್ದನ್ನ ಮಾರೋ ಮಾತಿನ ಬಗ್ಗೆ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಕೊರಟಗೆರೆ, ಮಧುಗಿರಿ ಕಡೆ ಯಾವುದಾದ್ರೂ ಹಳ್ಳಿಯ ಪೆಟ್ಟಿಗೆ ಅಂಗಡಿ ಮುಂದೆ ನಿಂತು ನೋಡಿ. ಶಾಂಪೂ ಪೊಟ್ಟಣದ ಸರದ ಪಕ್ಕದಲ್ಲೇ ಹಾರ್ಲಿಕ್ಸ್, ಬೂಸ್ಟ್ ಪೊಟ್ಟಣದ ಸರ ನೇತಾಡ್ತಿರುತ್ತೆ. ಅಂಗಡಿ ಹಿಂದಿನ ಹೊಲದಲ್ಲಿ ರಾಗಿ. ಆ ರಾಗಿ ಬೆಳೆದ ಮನೆಯ ತಾಯಿ, ರಾಗಿ ಮಾರಿದ ದುಡ್ಡಲ್ಲೇ ಪೊಟ್ಟಣ ತಗೊಂಡು ಹೋಗ್ತಾಳೆ. ಅವಳನ್ನ ಬೈಯೋಕೆ ಬರೀತಿಲ್ಲ. ಕಂಪನಿ ಅವಳ ಹತ್ರ ಹೇಗೆ ಮಾತಾಡಿತು, ನಾವು ಯಾಕೆ ಮಾತಾಡ್ಲಿಲ್ಲ ಅನ್ನೋದು ನನ್ನ ಪ್ರಶ್ನೆ.

ಹಾರ್ಲಿಕ್ಸ್ ಕಥೆ ತಗೊಳ್ಳಿ. 1873ರಲ್ಲಿ ಇಂಗ್ಲೆಂಡಿನ ಇಬ್ಬರು ಅಣ್ಣತಮ್ಮಂದಿರು ಅಮೆರಿಕದ ಷಿಕಾಗೋದಲ್ಲಿ ಶುರು ಮಾಡಿದ ಕಂಪನಿ. ಮೊದಲು ಅದು ಕೂಸುಗಳಿಗೆ, ಕಾಯಿಲೆಯವರಿಗೆ ಆಹಾರ. 1930ರ ದಶಕದಲ್ಲಿ ಬ್ರಿಟನ್ನಿನ ಜಾಹೀರಾತುಗಳು ಬೇರೆ ರಾಗ ಹಾಡಿದವು: ಮಲಗಿದಾಗಲೂ ಮೈ ಹಸಿಯುತ್ತೆ, ಅದಕ್ಕೇ ಬೆಳಿಗ್ಗೆ ಏಳುವಾಗ ಸುಸ್ತು, ಮಲಗೋ ಮುಂಚೆ ಒಂದು ಲೋಟ ಕುಡೀರಿ ಅಂತ. ‘ರಾತ್ರಿ ಹಸಿವು’ ಅಂತ ಒಂದು ಹೊಸ ಕಾಯಿಲೇನೇ ಹುಟ್ಟಿಸಿಬಿಟ್ಟರು. ಅಲ್ಲಿ ಅದು ದೊಡ್ಡವರು ನಿದ್ದೆಗೆ ಕುಡಿಯೋ ಪಾನೀಯ ಆಯ್ತು. ನಮ್ಮಲ್ಲಿ? ಬೆಳಿಗ್ಗೆ, ಸ್ಕೂಲ್ ಬ್ಯಾಗು, ಪರೀಕ್ಷೆ, ಆತಂಕದ ಮುಖದ ತಾಯಿ. ಮಗು ಎತ್ತರ ಆಗುತ್ತೆ, ಗಟ್ಟಿ ಆಗುತ್ತೆ, ಚುರುಕಾಗುತ್ತೆ ಅನ್ನೋ ಭರವಸೆ. ಅಲ್ಲಿ ಕುಡಿದು ಮಲಗು, ಇಲ್ಲಿ ಕುಡಿದು ಎದ್ದು ಓದು!

2008ರಲ್ಲಿ ಒಂದು ತಮಾಷೆ ನಡೀತು. ನಮ್ಮ ಕಡೆಯ ಜನಕ್ಕೆ ಅಂತ ಮಾಡಿದ ಆ ‘ಎತ್ತರ, ಗಟ್ಟಿ, ಚುರುಕು’ ಜಾಹೀರಾತು ಬ್ರಿಟನ್ನಿನ ಟೀವಿಯಲ್ಲಿ ಬಂದುಬಿಡ್ತು. ಅಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆ, ಹೇಳಿದ್ದಕ್ಕೆ ತಕ್ಕ ಪುರಾವೆ ಇಲ್ಲ ಅಂತ ನಿಲ್ಲಿಸ್ತು. ಅದೇ ಮಾತು ನಮ್ಮ ಮನೆಗಳಲ್ಲಿ ವರ್ಷಗಟ್ಟಲೆ ನಡೀತು. ಒಂದು ದೇಶದ ಸಂಸ್ಕೃತಿಗೆ ಜಾಹೀರಾತನ್ನ ಹೊಂದಿಸೋದು ಅಂದ್ರೆ ಸೀರೆ, ಹಬ್ಬ, ಭಾಷೆ ಅಂದ್ಕೋತೀವಿ. ನನ್ನ ಪ್ರಕಾರ ಅದು ಮೇಲಿನ ಬಣ್ಣ. ಜನ ಯಾವುದಕ್ಕೆ ಹೆದರ್ತಾರೆ, ಎಷ್ಟು ಹೇಳಿದ್ರೂ ಯಾರೂ ಕೇಳಲ್ಲ, ಇವೆರಡನ್ನೂ ತಿಳ್ಕೊಂಡು ಹೊಂದಿಸ್ತಾರೆ.

ನಮ್ಮ ನಾಲ್ಕು ತಾಲ್ಲೂಕನ್ನೇ ನೋಡಿ. ಮಧುಗಿರಿಯಲ್ಲಿ ಮುದ್ದೆ ಅಂದದ್ದು ಪಾವಗಡದ ತೆಲುಗು ಮನೇಲಿ ಸಂಗಟಿ. ಶಿರಾ ಪೇಟೆಯ ಎಷ್ಟೋ ಬೀದೀಲಿ ಮನೆಮಾತು ಉರ್ದು. ಆದ್ರೆ ಮಗುವಿನ ಮಾರ್ಕ್ಸ್ ಬಗ್ಗೆ ತಾಯಿಗಿರೋ ಭಯ ಮೂರೂ ಭಾಷೇಲಿ ಒಂದೇ. ಅದಕ್ಕೇ ತುಟಿಗೂ ಮಾತಿಗೂ ಹೊಂದದ ಡಬ್ಬಿಂಗ್ ಜಾಹೀರಾತೂ ಇಲ್ಲಿ ಕೆಲಸ ಮಾಡ್ತು.

ಹೊಟ್ಟೆ ಉರಿಯೋದು ಇಲ್ಲಿ. ಮಾಲ್ಟ್ ಅಂದ್ರೆ ಏನು? ಬಾರ್ಲಿ ಕಾಳನ್ನ ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ್ದು. ನಮ್ಮ ಅಜ್ಜಿಯರು ಕೂಸಿಗೆ ರಾಗಿ ಸರಿ ಮಾಡೋಕೆ ರಾಗಿ ನೆನೆಸಿ, ಬಟ್ಟೇಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೀಸಿ, ತೆಳು ಬಟ್ಟೇಲಿ ಸೋಸ್ತಿದ್ರಲ್ಲ, ಅದೇ ವಿದ್ಯೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಅಂದ್ರೆ ಕೆಜಿಗೆ 49 ಕೂಡ ಇಲ್ಲ. ಒಂದು ಕೆಜಿ ಡಬ್ಬದ ದುಡ್ಡಿಗೆ ಎಂಟು-ಹತ್ತು ಕೆಜಿ ರಾಗಿ ಬರುತ್ತೆ.

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಯ್ತು. ಮೇಳ, ಫ್ಲೆಕ್ಸು ಎಲ್ಲಾ ಬಂತು. ಮಾತೆಲ್ಲ ಶುಗರ್ ಇರೋರ ಕಡೆಗೆ, ತೂಕ ಇಳಿಸೋರ ಕಡೆಗೆ. ವೈ.ಎನ್. ಹೊಸಕೋಟೆಯ ತಾಯಿ ಜೊತೆ ಯಾರೂ ಮಾತಾಡ್ಲಿಲ್ಲ. ಹುಡುಗರ ತಲೇಲಿ ಉಳಿದದ್ದು, ರಾಗಿ ಅಂದ್ರೆ ತಾತನ ಪಥ್ಯ.

2024ರ ಫೆಬ್ರವರಿಯಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಹಾಲಿನ ಜೊತೆ ‘ರಾಗಿ ಹೆಲ್ತ್ ಮಿಕ್ಸ್’ ಕೊಡೋಕೆ ಶುರು ಮಾಡಿದ್ರು. ಒಳ್ಳೇ ಕೆಲಸ, ಎರಡು ಮಾತಿಲ್ಲ. ಆದ್ರೆ ಹೆಸರು ನೋಡಿ. ಅದೇ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ, ‘ಹೆಲ್ತ್ ಡ್ರಿಂಕ್’ ಅನ್ನೋದಕ್ಕೆ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅರ್ಥವೇ ಇಲ್ಲ, ಆನ್‌ಲೈನ್ ಅಂಗಡಿಗಳು ಇಂಥ ಪಾನೀಯಗಳನ್ನ ಆ ಪಟ್ಟಿಯಿಂದ ತೆಗೀಬೇಕು ಅಂತು. ಹಾರ್ಲಿಕ್ಸ್ ಈಗ ಹಿಂದೂಸ್ತಾನ್ ಯೂನಿಲಿವರ್ ಕೈಲಿದೆ. ಆ ಕಂಪನಿಯೂ ತನ್ನ ಪಾನೀಯ ವಿಭಾಗದ ಹೆಸರಿಂದ ‘ಹೆಲ್ತ್’ ಕಿತ್ತುಹಾಕ್ತು. ಅವರು ಬಿಸಾಕಿದ ಪದ ನಾವು ಹಣೆಗೆ ಅಂಟಿಸ್ಕೊಂಡಿದ್ದೀವಿ.

ನಮ್ಮ ಹೋಬಳಿಗಳಲ್ಲಿ ರಾಗಿ ಮಾಲ್ಟ್ ಮಾಡೋ ಮಹಿಳಾ ಸಂಘಗಳು, ರೈತ ಕಂಪನಿಗಳು ಇದಾವೆ. ಪೊಟ್ಟಣ ನೋಡಿದ್ರೆ ‘ಪ್ರೀಮಿಯಂ’, ‘ಆರ್ಗ್ಯಾನಿಕ್’, ಮೇಲೊಂದು ಬೆಳ್ಳಗಿನ ಮಗು. ಯಾರಿಗೆ ಇದು? ಬೆಂಗಳೂರಿನ ಮಾಲ್‌ಗಾ? ‘ಮೊಳಕೆ ಕಟ್ಟಿದ ರಾಗಿ’ ಅಂತ ದಪ್ಪಕ್ಷರದಲ್ಲಿ ಬರೀರಿ. ಪಾವಗಡಕ್ಕೆ ಹೋಗೋದ್ರಲ್ಲಿ ತೆಲುಗಲ್ಲೂ ಒಂದು ಸಾಲು, ಶಿರಾಕ್ಕೆ ಉರ್ದೂಲೂ ಒಂದು ಸಾಲು ಇರಲಿ. ಕ್ಯಾಲ್ಸಿಯಂ ಲೆಕ್ಕ ಹಾಕಿ, ಸಕ್ಕರೆ ಬೆರೆಸಿದ್ರೆ ಎಷ್ಟು ಅಂತಾನೂ ಹಾಕಿ. ಎತ್ತರ ಆಗ್ತಾರೆ, ಬುದ್ಧಿ ಬರುತ್ತೆ ಅಂತ ಮಾತ್ರ ಬರೀಬೇಡಿ. ತಾಯಿಯ ಭಯ ಮಾರಿ ದುಡ್ಡು ಮಾಡೋದಾದ್ರೆ ಅವರಿಗೂ ನಮಗೂ ಏನು ವ್ಯತ್ಯಾಸ?

ಇನ್ನೊಂದು, ಪದಗಳಿಗಿಂತ ಮುಖ್ಯವಾದ್ದು. ಆ ಪುಡಿ ಗೆಲ್ಲೋದು ಚಮಚದಲ್ಲಿ. ಬಿಸಿ ಹಾಲಿಗೆ ಹಾಕಿ ಕಲಸಿದ್ರೆ ಮುಗೀತು. ರಾಗಿ ಹಿಟ್ಟು ಗಂಟು ಕಟ್ಟದ ಹಾಗೆ ತಿರುವ್ತಾ ಕುದಿಸ್ಬೇಕು. ಹಾಲು ಕರೆದು, ಡೈರಿಗೆ ಹಾಕಿ, ಎಂಟಕ್ಕೆ ಮಗೂನ ಬಸ್ಸು ಹತ್ತಿಸೋ ಹೆಂಗಸಿಗೆ ಅಷ್ಟು ಹೊತ್ತಿಲ್ಲ. ಹುರಿಹಿಟ್ಟಿನ ಥರ ಹುರಿದು ನುಣ್ಣಗೆ ಮಾಡಿ, ಬಿಸಿ ಹಾಲಲ್ಲಿ ಹಾಗೇ ಕದಡೋ ಹಂಗಿರೋ ಹಿಟ್ಟನ್ನ ಹತ್ತು ರೂಪಾಯಿ ಪೊಟ್ಟಣದಲ್ಲಿ ಅದೇ ಸರದ ಪಕ್ಕ ನೇತುಹಾಕೋಕೆ ಯಾವ ಸಂಘ ತಯಾರಿದೆ ಹೇಳಿ, ಮೊದಲ ಎರಡು ಕ್ವಿಂಟಾಲ್ ರಾಗಿ ನಾನೇ ತಂದು ಹಾಕ್ತೀನಿ.