ಆ ಗೊರಗೊರ ಹಾಗೆಯೇ ಇರಲಿ

ಸಂಘದ ಬಂಧುಗಳ ಮನೆಗೆ ಊಟಕ್ಕೆಂದು ಹೋದಾಗ ಈಚೆಗೆ ಒಂದು ದೃಶ್ಯ ಮತ್ತೆ ಮತ್ತೆ ನಮ್ಮ ಕಣ್ಣಿಗೆ ಬೀಳುತ್ತಿದೆ. ಒಳಗೆ ಬಿಸಿಬೇಳೆಭಾತು, ಊರಿನ ಸುದ್ದಿ. ಗರಾಜಿನಲ್ಲಿ ಮಗನೋ ಮಗಳೋ ಬೇಸ್ ಗಿಟಾರನ್ನು ಕೊರಳಿಗೆ ತಗುಲಿಸಿಕೊಂಡು ಗೋಡೆ ನಡುಗುವಂತೆ ಬಾರಿಸುತ್ತಿರುತ್ತಾರೆ. ತಾಯಿ ನಮ್ಮತ್ತ ನೋಡಿ ಸಂಕೋಚದಿಂದ ನಗುತ್ತಾರೆ. ತಂದೆ ಎದ್ದು ಹೋಗಿ, "ಸ್ವಲ್ಪ ಮೃದುವಾಗಿ ನುಡಿಸೋ ಮರಿ, ಆ ಗೊರಗೊರ ಕಡಿಮೆ ಮಾಡು" ಎಂದು ಹೇಳಿ ಬರುತ್ತಾರೆ. ನಾವೂ ನಮ್ಮ ಮನೆಯಲ್ಲಿ ಇದನ್ನೇ ಹೇಳಿದವರು. ಹೇಳಿದ್ದು ತಪ್ಪೆಂದು ಈಗ ಅನ್ನಿಸಿರುವುದರಿಂದ ಈ ನಾಲ್ಕು ಮಾತು.

ಮಕ್ಕಳು ನುಡಿಸುತ್ತಿರುವುದು ಪಂಕ್ ಎಂಬ ಸಂಗೀತ. ಎರಡೇ ನಿಮಿಷದ ಹಾಡು, ಓಡುವ ಲಯ, ಆಲಾಪನೆಗೆ ಪುರುಸೊತ್ತಿಲ್ಲ. ಅದರಲ್ಲಿ ಬೇಸಿನ ಗೊರಗೊರ ದೋಷವಲ್ಲ. ಬೇಕೆಂದೇ ತರಿಸಿದ ನಾದ. ನಮ್ಮ ತಂಬೂರಿಯನ್ನು ನೆನೆಯಿರಿ. ತಂತಿ ಕುದುರೆಯ ಮೇಲೆ ಸುಮ್ಮನೆ ಕೂತಿದ್ದರೆ ಅದು ಮಂಕಾಗಿ ನುಡಿದು ಸುಮ್ಮನಾಗುತ್ತದೆ. ತಂತಿಯ ಕೆಳಗೆ ನೂಲಿನ ಎಳೆಯೊಂದನ್ನು ಸಿಕ್ಕಿಸಿ, ಹಿಂದೆ ಮುಂದೆ ಸರಿಸಿ, ತಂತಿ ಕುದುರೆಯನ್ನು ಸವರುವಂತೆ ಮಾಡಿದಾಗಲೇ ಝೇಂಕಾರ ಹುಟ್ಟುವುದು. ಅದಕ್ಕೆ ಜೀವಾ ಎಂದು ಹೆಸರು; ಹಿಂದೂಸ್ತಾನಿಯವರು ಜವಾರಿ ಎನ್ನುತ್ತಾರೆ. ಗೊರಗೊರವನ್ನು ಜೀವವೆಂದು ಕರೆದ ಜನ ನಾವು! ಬೇಸಿನಲ್ಲೂ ತಂತಿಯನ್ನು ಗಟ್ಟಿಯಾಗಿ ಹೊಡೆದರೆ ಅದು ಲೋಹದ ಮೆಟ್ಟಿಲುಗಳಿಗೆ ತಾಗಿ ಅದುರುತ್ತದೆ. ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಸಂಗೀತ ಬಲ್ಲವರು ಮನ್ನಿಸಬೇಕು.

ವಾದ್ಯವೂ ದೂರದ್ದಲ್ಲ. ನಾವು ಕರಿಬೇವು ಕೊಳ್ಳಲು ಹೋಗುವ ಆರ್ಟೀಸಿಯಾದ ಪಯೊನಿಯರ್ ಬೂಲವಾರ್ಡಿನಿಂದ ಸ್ವಲ್ಪ ಪೂರ್ವಕ್ಕೆ ಹೋದರೆ ಫುಲ್ಲರ್ಟನ್. ಲಿಯೋ ಫೆಂಡರ್ ಎಂಬಾತ 1951ರಲ್ಲಿ ತನ್ನ ಪ್ರಿಸಿಷನ್ ಬೇಸನ್ನು ಹೊರತಂದದ್ದು ಅಲ್ಲಿಂದಲೇ. ತಂತಿಯ ಕಂಪನವನ್ನು ಹಿಡಿಯುವ ಅದರ ಪಿಕಪ್ಪು 1957ರಲ್ಲಿ ಎರಡು ತುಂಡಾಯಿತು. ಪಂಕ್ ನುಡಿಸುವವರು ಹೆಚ್ಚಾಗಿ ಕೈಗೆತ್ತಿಕೊಳ್ಳುವುದು ಈ ಮಾದರಿಯನ್ನೇ.

ಇನ್ನು ಆ ನಾದ ಬರುವ ಬಗೆ. ಮೊದಲು ತಂತಿ. ಮೈ ತರಿತರಿಯಾಗಿರುವ ರೌಂಡ್‌ವೌಂಡ್ ತಂತಿ ಬೇಕು. ನುಣುಪಾದ ಫ್ಲಾಟ್‌ವೌಂಡ್ ತಂತಿ ಕಂಬಳಿ ಹೊದ್ದು ಮಾತಾಡಿದಂತೆ ಕೇಳುತ್ತದೆ. ಬೆವರು ಕುಡಿದ ಹಳೆಯ ತಂತಿಯೂ ಹಾಗೆಯೇ. ಬೆರಳಿನ ಬದಲು ದಪ್ಪನೆಯ ಪಿಕ್, ಕುದುರೆಯ ಕಡೆಗೆ ಸರಿದ ಕೈ, ಪ್ರತಿಯೊಂದು ಏಟೂ ಮೇಲಿನಿಂದ ಕೆಳಕ್ಕೆ. ವಾದ್ಯದ ಮೇಲಿನ ಟೋನ್ ತಿರುಪು ಪೂರ್ತಿ ತೆರೆದಿರಬೇಕು. ಆಂಪ್ಲಿಫೈಯರಿನಲ್ಲಿ ಬೇಸ್ ಏರಿಸದೆ ನಡುವಿನ ಮಿಡ್ಲ್ ಏರಿಸಿ, ಗೇನನ್ನು ದನಿ ಒಡೆಯಲು ಶುರುವಾಗುವಷ್ಟಕ್ಕೆ ನಿಲ್ಲಿಸಬೇಕು. ಪೆಡಲುಗಳ ಸಾಲು ಆಮೇಲಿನ ಮಾತು. ಶ್ರುತಿ ಮಾತ್ರ ಮೊದಲೇ ಕೂಡಿರಬೇಕು. ಒಡೆದ ದನಿಯಲ್ಲಿ ಅಪಶ್ರುತಿ ಇನ್ನೂ ಎದ್ದು ಕಾಣುತ್ತದೆ.

ನಾವು ಎಡವಿದ್ದು ಇಲ್ಲೇ. ಕಿವಿಗೆ ಚುಚ್ಚುತ್ತದೆಂದು ಟ್ರೆಬಲ್ ಇಳಿಸಿ ಬಂದೆವು. ಬೇಸಿನ ಅತಿ ಮಂದ್ರ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಂಥ ತಗ್ಗು ನಾದವನ್ನು ಗರಾಜಿನ ಗೋಡೆ ತಡೆಯಲಾರದು. ಅದು ತಡೆಯುವುದು ಚುಚ್ಚುವ ದನಿಯನ್ನು. ಟ್ರೆಬಲ್ ಹೋದ ಮೇಲೆ ತಾನು ನುಡಿಸಿದ್ದು ತನಗೇ ಕೇಳದೆ ಹುಡುಗ ವಾಲ್ಯೂಮ್ ಏರಿಸಿದ. ಆ ಸಂಜೆಯೇ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಈಗ ಪೆಟ್ಟಿಗೆಯನ್ನು ನೆಲದಿಂದೆತ್ತಿ ಹಳೆಯ ಕುರ್ಚಿಯ ಮೇಲೆ ಅವನ ಕಿವಿಯ ಕಡೆಗೆ ತಿರುಗಿಸಿಟ್ಟಿದ್ದೇವೆ. ಬೇಸ್ ಕಡಿಮೆ, ಗೊರಗೊರ ಜಾಸ್ತಿ, ವಾಲ್ಯೂಮ್ ಅರ್ಧ. ಬಾಗಿಲು ತಟ್ಟುವವರಿಲ್ಲ.

ತಾಯಂದಿರಿಗೆ ಒಂದು ಕಥೆ ಹೇಳಬೇಕು. ಲಾಸ್ ಏಂಜಲೀಸಿನ ಬಂದರು ಸ್ಯಾನ್ ಪೀಡ್ರೋದಲ್ಲಿ 1980ರಲ್ಲಿ ಮಿನಿಟ್‌ಮೆನ್ ಎಂಬ ಮೂವರ ತಂಡ ಹುಟ್ಟಿತು. ಅದರ ಬೇಸ್ ವಾದಕ ಮೈಕ್ ವಾಟ್. ಹುಡುಗನಾಗಿದ್ದಾಗ ಅವನಿಗೆ ಬೇಸ್ ನುಡಿಸೆಂದು ಹೇಳಿದ್ದು ಗೆಳೆಯ ಡಿ. ಬೂನನ ತಾಯಿ! ಬೇಸ್ ಎಂದರೇನೆಂದೇ ತಿಳಿಯದೆ ಅವನು ಸಾದಾ ಗಿಟಾರಿಗೆ ನಾಲ್ಕೇ ತಂತಿ ಬಿಗಿದು ಶುರುಮಾಡಿದನಂತೆ. ಮುಂದೆ ಬೂನ್ ತನ್ನ ಗಿಟಾರಿನ ತಗ್ಗು ದನಿಯನ್ನೆಲ್ಲ ಕತ್ತರಿಸಿ, ಗೆಳೆಯನ ಬೇಸಿಗೆ ಜಾಗ ಬಿಟ್ಟುಕೊಟ್ಟ. ಒಬ್ಬರ ದನಿಗೆ ಇನ್ನೊಬ್ಬರು ಜಾಗ ಬಿಡುವ ಈ ಸಂಪ್ರದಾಯ ನಮ್ಮ ಕಾರ್ಯಕಾರಿ ಸಮಿತಿಯ ಸಭೆಗಳಿಗೂ ಬಂದರೆ ಎಷ್ಟು ಚೆನ್ನ! ಬೂನ್ 1985ರಲ್ಲಿ ಅಪಘಾತದಲ್ಲಿ ತೀರಿಕೊಂಡ.

ಸ್ಯಾನ್ ಡಿಯೇಗೋ ಕಡೆಯ ಸದಸ್ಯರು ಇದು ಲಾಸ್ ಏಂಜಲೀಸಿನವರ ಹುಚ್ಚೆಂದು ಕೈಕೊಡವಿಕೊಳ್ಳುವಂತಿಲ್ಲ. 1976ರಲ್ಲಿ ಝೀರೋಸ್ ತಂಡ ಕಟ್ಟಿದ ಹೈಸ್ಕೂಲು ಹುಡುಗರು ಚೂಲಾ ವಿಸ್ಟಾದವರು, ಮೆಕ್ಸಿಕನ್ ಮೂಲದ ಮನೆಗಳ ಮಕ್ಕಳು. 1992ರಲ್ಲಿ ಬ್ಲಿಂಕ್-182 ಹುಟ್ಟಿದ್ದು ಪೌವೇಯಲ್ಲಿ.

ನಮ್ಮ ಕಿವಿಗೂ ಬೇಸ್ ಹೊಸದಲ್ಲ. 1981ರ ಶಂಕರ್‌ನಾಗ್ ಅವರ 'ಗೀತಾ' ಚಿತ್ರದ ಹಾಡುಗಳನ್ನು ಗುನುಗದವರು ನಮ್ಮಲ್ಲಿ ಯಾರು? ಇಳಯರಾಜಾ ಅದರಲ್ಲಿ ಬೇಸನ್ನು ಹೇಗೆ ನಡೆಸಿದ್ದಾರೆಂದು ಒಮ್ಮೆ ಮಕ್ಕಳ ಜೊತೆ ಕೂತು ಕೇಳಿ. ನಾವು ಕೇಳಿದೆವು. ಹುಡುಗ ಎರಡು ದಿನದಲ್ಲಿ ಅದನ್ನು ಪಿಕ್ಕಿನಿಂದ ಬಾರಿಸಿ ತೋರಿಸಿದ. ನಮಗೆ ಅರ್ಧ ಖುಷಿ, ಅರ್ಧ ಗಾಬರಿ.

ರಂಗಪ್ರವೇಶಕ್ಕೆ ಸಾವಿರಗಟ್ಟಲೆ ಡಾಲರ್ ಸುರಿಯುವ ನಾವು ಒಂದು ಸೆಟ್ ತಂತಿಗೆ ಮುಖ ಸಿಂಡರಿಸುವುದು ನ್ಯಾಯವಲ್ಲ. ಬರುವ ರಾಜ್ಯೋತ್ಸವದಲ್ಲಿ ಈ ಮಕ್ಕಳಿಗೆ ಹದಿನೈದು ನಿಮಿಷ ಕೊಡಬೇಕೆಂದು ಸಮಿತಿಯನ್ನು ಕೇಳುತ್ತಿದ್ದೇವೆ. ಅದೂ ಎಲ್ಲರೂ ಊಟದ ಸಾಲಿನಲ್ಲಿ ನಿಂತಿರುವಾಗ ಅಲ್ಲ, ಭರತನಾಟ್ಯಕ್ಕೂ ನಾಟಕಕ್ಕೂ ನಡುವೆ. ಧ್ವನಿವರ್ಧಕದ ಮೇಜಿನ ಮುಂದೆ ಕೂರುವ ಮಹನೀಯರು ದಯವಿಟ್ಟು ಅವರ ದನಿಯನ್ನು ಮೃದು ಮಾಡಬಾರದು. ಕಿವಿಗೆ ಸಿಕ್ಕಿಸಿಕೊಳ್ಳುವ ಫೋಮ್ ಬಿರಡೆಗಳು ಔಷಧದಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಬಾಗಿಲಲ್ಲಿ ಅರಿಶಿನ ಕುಂಕುಮದ ತಟ್ಟೆಯ ಪಕ್ಕ ಒಂದು ಬಟ್ಟಲು ಇಡುವ ಕೆಲಸ ನಮಗಿರಲಿ.