ಶೇಕಡಾ ನೂರು ಫಲಿತಾಂಶ: ಯಾವ ಮಕ್ಕಳ ನೂರು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನವೇ ಬಸ್‌ಸ್ಟ್ಯಾಂಡ್ ಎದುರು ಫ್ಲೆಕ್ಸ್ ಏಳುತ್ತದೆ. ‘ನಮ್ಮ ಶಾಲೆಗೆ ಶೇ. 100 ಫಲಿತಾಂಶ, ಪ್ರವೇಶ ಆರಂಭವಾಗಿದೆ’. ಅದನ್ನು ನೋಡಿಯೇ ಎಷ್ಟೋ ಮನೆಯವರು ಸಾಲ ಮಾಡಿ, ಊರಿನ ಸರ್ಕಾರಿ ಶಾಲೆ ಬಿಡಿಸಿ ಮಗುವನ್ನು ಪಟ್ಟಣಕ್ಕೆ ಸೇರಿಸುತ್ತಾರೆ. ಆ ನೂರು ಯಾವ ಮಕ್ಕಳ ನೂರು ಎಂದು ಕೇಳುವವರು ಕಡಿಮೆ. ಇದೇ ಪ್ರಶ್ನೆ ಮೇಲೆ ಅಮೆರಿಕದ ಒಂದು ಹೈಸ್ಕೂಲಿನ ವಿಚಾರದಲ್ಲಿ ದೊಡ್ಡ ಜಗಳವೇ ನಡೆದಿದೆ. ಅದರಲ್ಲಿ ನಮಗೂ ಕಲಿಯುವುದಿದೆ, ಅದಕ್ಕೇ ಬರೆಯುತ್ತಿದ್ದೇವೆ.

ಅಲ್ಲಿ ‘ಚಾರ್ಟರ್ ಶಾಲೆ’ ಎಂಬ ಪದ್ಧತಿ ಇದೆ. ಚಾರ್ಟರ್ ಎಂದರೆ ಸನ್ನದು, ಒಪ್ಪಂದಪತ್ರ. ಹಣ ಸರ್ಕಾರದ್ದು, ಶಾಲೆ ನಡೆಸುವುದು ಬೇರೊಂದು ಸಂಸ್ಥೆ. ಮಕ್ಕಳಿಂದ ಫೀಸು ತೆಗೆದುಕೊಳ್ಳುವ ಹಾಗಿಲ್ಲ. ಮಿನ್ನೆಸೋಟ ರಾಜ್ಯ 1991ರಲ್ಲಿ, ಕ್ಯಾಲಿಫೋರ್ನಿಯಾ 1992ರಲ್ಲಿ ಇದಕ್ಕೆ ಕಾನೂನು ಮಾಡಿದವು. ಕ್ಯಾಲಿಫೋರ್ನಿಯಾ ಕಾನೂನು ಹೇಳುವುದು ಇಷ್ಟು: ಬಂದ ಮಕ್ಕಳನ್ನೆಲ್ಲ ಸೇರಿಸಿಕೊಳ್ಳಬೇಕು, ಸೀಟಿಗಿಂತ ಅರ್ಜಿ ಹೆಚ್ಚಾದರೆ ಎಲ್ಲರೆದುರು ಚೀಟಿ ಎತ್ತಬೇಕು.

ಲಾಸ್ ಏಂಜಲೀಸ್ ಹತ್ತಿರದ ಸಾಂತಾ ಆನಾ ಊರಿನಲ್ಲಿ ಆರೆಂಜ್ ಕೌಂಟಿ ಸ್ಕೂಲ್ ಆಫ್ ದಿ ಆರ್ಟ್ಸ್ ಇದೆ. 1987ರಲ್ಲಿ ಬೇರೊಂದು ಹೈಸ್ಕೂಲಿನ ಒಳಗೆ ಶುರುವಾಗಿ, 2000ರಲ್ಲಿ ಚಾರ್ಟರ್ ಶಾಲೆಯಾಗಿ ಇಲ್ಲಿಗೆ ಬಂತು. 7ರಿಂದ 12ನೇ ತರಗತಿವರೆಗೆ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದಾರೆ. ಮೊದಲು ಗಣಿತ, ವಿಜ್ಞಾನದ ಪಾಠ. ಮಧ್ಯಾಹ್ನದ ಮೇಲೆ ನೃತ್ಯ, ಸಂಗೀತ, ನಾಟಕ, ಚಿತ್ರಕಲೆ, ಸಿನಿಮಾ. ಕಲೆಗೆ ಇಷ್ಟು ಹೊತ್ತು ಕೊಟ್ಟರೂ ಇಲ್ಲಿನ ಮಕ್ಕಳು ರಾಜ್ಯದ ಪರೀಕ್ಷೆಗಳಲ್ಲಿ ಬಹಳ ಮುಂದೆ. ಹೆಚ್ಚೂಕಡಿಮೆ ಎಲ್ಲರೂ ಹೈಸ್ಕೂಲು ಮುಗಿಸುತ್ತಾರೆ. ‘ಹಾಡು ಕುಣಿತಕ್ಕೆ ಬಿಟ್ಟರೆ ಓದು ಹಾಳು’ ಎನ್ನುವವರು ಇದನ್ನು ನೋಡಬೇಕು.

ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಸಾಂತಾ ಆನಾದ ಸರ್ಕಾರಿ ಶಾಲೆಗಳಲ್ಲಿ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಲ್ಯಾಟಿನೊ ಮಕ್ಕಳು. ಬಹುಪಾಲು ಬಡವರು. ಎಷ್ಟೋ ಮನೆಗಳಲ್ಲಿ ಮಾತು ಸ್ಪ್ಯಾನಿಷ್. ಅದೇ ಊರಿನ ಈ ಕಲಾ ಶಾಲೆಯಲ್ಲಿ ಬಿಳಿಯರು ಮತ್ತು ಏಷ್ಯಾ ಮೂಲದವರ ಮಕ್ಕಳೇ ಹೆಚ್ಚು, ಬಡ ಮಕ್ಕಳು ಕಡಿಮೆ. 2019ರಲ್ಲಿ ಊರಿನ ಶಿಕ್ಷಣ ಮಂಡಳಿ ಇದನ್ನೇ ಎತ್ತಿತು. ಪ್ರವೇಶದ ಕ್ರಮದಿಂದ ಅಂಗವಿಕಲ ಮಕ್ಕಳು, ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವ ಮಕ್ಕಳು ಹೊರಗುಳಿಯುತ್ತಿದ್ದಾರೆ ಎಂದಿತು. ವಿಶೇಷ ಶಿಕ್ಷಣದ ಬಾಬ್ತು ಸುಮಾರು 1.9 ಕೋಟಿ ಡಾಲರ್ ಬಾಕಿ ಇದೆ ಎಂದೂ ಕೇಳಿತು. ಶಾಲೆ ಇದನ್ನು ಒಪ್ಪಲಿಲ್ಲ. ಕೊನೆಗೆ 2020ರಲ್ಲಿ ಊರಿನ ಮಂಡಳಿ ಬಿಟ್ಟು ಕೌಂಟಿ ಶಿಕ್ಷಣ ಮಂಡಳಿಯ ಕೈಕೆಳಗೆ ಹೋಯಿತು.

ಯಾರು ಸರಿ, ಯಾರು ತಪ್ಪು ಎಂದು ಇಲ್ಲಿ ಕೂತು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಗೇಟಿನಲ್ಲಿ ಯಾರೂ ತಡೆಯದಿದ್ದರೂ ಬಡವರ ಮಗು ಹೇಗೆ ಹೊರಗೇ ಉಳಿಯುತ್ತದೆ ಎಂಬುದು ಗೊತ್ತಾಗಬೇಕು. ಕಲಾ ಶಾಲೆ ಎಂದ ಮೇಲೆ ಪ್ರತಿಭೆ ನೋಡುತ್ತಾರೆ. ಐದು ವರ್ಷಕ್ಕೇ ಪಿಯಾನೊ ಕ್ಲಾಸಿಗೆ ಹೋದ ಮಗುವಿನ ಕೈ ಚುರುಕಾಗಿರುತ್ತದೆ, ಆ ಕ್ಲಾಸಿಗೆ ದುಡ್ಡು ಬೇಕು. ದಿನಾ ದೂರದಿಂದ ಕಾರಿನಲ್ಲಿ ಬಿಟ್ಟು ಕರೆದುಕೊಂಡು ಹೋಗಬೇಕಾದರೆ ಕೂಲಿಗೆ ಹೋಗುವ ಅಪ್ಪ-ಅಮ್ಮನಿಗೆ ಆಗುವುದಿಲ್ಲ. ಫೀಸು ಇಲ್ಲದಿದ್ದರೂ ದೇಣಿಗೆ ಕೇಳುತ್ತಾರೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಬಡವರು ಅರ್ಜಿಯನ್ನೇ ಹಾಕುವುದಿಲ್ಲ.

ಇದು ಒಂದೇ ಶಾಲೆಯ ಕಥೆಯೂ ಅಲ್ಲ. 2016ರಲ್ಲಿ ಎಸಿಎಲ್‌ಯು ಎಂಬ ನಾಗರಿಕ ಹಕ್ಕುಗಳ ಸಂಸ್ಥೆ ಇನ್ನೊಂದು ಸಂಸ್ಥೆಯ ಜೊತೆ ಸೇರಿ ಕ್ಯಾಲಿಫೋರ್ನಿಯಾದ ಚಾರ್ಟರ್ ಶಾಲೆಗಳ ಪ್ರವೇಶ ನಿಯಮಗಳನ್ನು ಓದಿ ನೋಡಿತು. ಕನಿಷ್ಠ 253 ಶಾಲೆಗಳಲ್ಲಿ, ಅಂದರೆ ಐದಕ್ಕೆ ಒಂದಕ್ಕಿಂತ ಹೆಚ್ಚು ಶಾಲೆಗಳಲ್ಲಿ, ಮಕ್ಕಳನ್ನು ಹೊರಗಿಡುವಂಥ ನಿಯಮ ಇತ್ತು ಎಂದು ವರದಿ ಮಾಡಿತು.

ಹಾಗಾದರೆ ಶಾಲೆ ಒಳ್ಳೆಯದೋ ಅಲ್ಲವೋ ತಿಳಿಯುವುದು ಹೇಗೆ? ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ‘ಕ್ರೆಡೋ’ ಕೇಂದ್ರ ಒಂದು ದಾರಿ ಹಿಡಿಯಿತು. ಚಾರ್ಟರ್ ಶಾಲೆಯ ಪ್ರತಿ ಮಗುವಿಗೂ, ಅದರಂಥದೇ ಹಿನ್ನೆಲೆಯ, ಅಷ್ಟೇ ಅಂಕದಿಂದ ಹೊರಟ ಸರ್ಕಾರಿ ಶಾಲೆಯ ಮಕ್ಕಳನ್ನು ಜೋಡಿ ಮಾಡಿ ನೋಡಿದರು. 2009ರ ವರದಿಯಲ್ಲಿ ಗಣಿತದಲ್ಲಿ ಶೇ. 17ರಷ್ಟು ಚಾರ್ಟರ್ ಶಾಲೆಗಳು ಮಾತ್ರ ಮುಂದಿದ್ದವು. ಶೇ. 37ರಷ್ಟು ಹಿಂದಿದ್ದವು, ಶೇ. 46ರಷ್ಟರಲ್ಲಿ ವ್ಯತ್ಯಾಸವೇ ಇರಲಿಲ್ಲ. 2023ರ ವರದಿಯಲ್ಲಿ ಸ್ವಲ್ಪ ಸುಧಾರಣೆ ಕಂಡಿತು: ವರ್ಷಕ್ಕೆ ಓದಿನಲ್ಲಿ 16 ದಿನದ, ಗಣಿತದಲ್ಲಿ 6 ದಿನದ ಪಾಠದಷ್ಟು ಹೆಚ್ಚಿನ ಕಲಿಕೆ. ಫ್ಲೆಕ್ಸ್‌ನಲ್ಲಿ ಕಾಣುವ ಅಂತರ ದೊಡ್ಡದು. ಸಮಾನರನ್ನು ಸಮಾನರ ಜೊತೆ ತೂಗಿದಾಗ ಸಿಕ್ಕ ಅಂತರ ಇಷ್ಟೇ.

ಈಗ ನಮ್ಮ ಕಡೆ ಬನ್ನಿ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ. 94 ಪಡೆದು ಮೊದಲು, ಯಾದಗಿರಿ ಶೇ. 50.59 ಪಡೆದು ಕೊನೆ. ಯಾದಗಿರಿಯ ಮೇಷ್ಟ್ರುಗಳನ್ನು ಬೈಯುವುದು ಸುಲಭ. ಬಿತ್ತನೆ, ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ಬಿಟ್ಟು ಹೊಲಕ್ಕೆ ಹೋಗುವ, ಅಪ್ಪ-ಅಮ್ಮನ ಜೊತೆ ಬೆಂಗಳೂರಿಗೆ ದುಡಿಯಲು ಗುಳೆ ಹೋಗುವ ಮಕ್ಕಳ ಲೆಕ್ಕ ಆ ಅಂಕಿಯಲ್ಲಿ ಇಲ್ಲ. ಇನ್ನೊಂದು ಕಡೆ, ಫಲಿತಾಂಶ ಕೆಡಬಾರದೆಂದು ದಡ್ಡರೆನಿಸಿದ ಮಕ್ಕಳಿಗೆ ಒಂಬತ್ತನೇ ಕ್ಲಾಸಿನಲ್ಲೇ ಟಿಸಿ ಕೊಟ್ಟು ಕಳಿಸುತ್ತಾರೆ ಎಂಬ ದೂರನ್ನು ನಾವು ತಾಲ್ಲೂಕು ಸುತ್ತುವಾಗ ಪೋಷಕರ ಬಾಯಲ್ಲೇ ಕೇಳುತ್ತೇವೆ. ಅಂಥ ಕಡೆ ನೂರಕ್ಕೆ ನೂರು ಬಂದರೆ ಅದರಲ್ಲಿ ಪಾಠದ ಪಾಲೆಷ್ಟು, ಟಿಸಿಯ ಪಾಲೆಷ್ಟು?

ನವೋದಯ ಶಾಲೆಯನ್ನು ನೋಡಿ. ಅಲ್ಲೂ ಪರೀಕ್ಷೆ ಬರೆದೇ ಆರನೇ ಕ್ಲಾಸಿಗೆ ಸೇರಬೇಕು. ಆದರೆ ಕನಿಷ್ಠ ಶೇ. 75 ಸೀಟು ಹಳ್ಳಿ ಮಕ್ಕಳಿಗೆ ಎಂದು ನಿಯಮದಲ್ಲೇ ಬರೆದಿದೆ, ಊಟ-ವಸತಿಯೂ ಅಲ್ಲೇ. ಆಯ್ಕೆ ಇರುವ ಕಡೆ ಯಾರಿಗೆ ಬಾಗಿಲು ತೆರೆದಿರಬೇಕು ಎಂಬುದು ಹೀಗೆ ಕಾಗದದ ಮೇಲಿರಬೇಕು. ಇಲ್ಲದಿದ್ದರೆ ಮುಂದೆ ಇದ್ದವರೇ ಮುಂದೆ ಹೋಗುತ್ತಾರೆ.

ಕಲೆಯ ಮಾತೂ ಇಷ್ಟೇ. ನಮ್ಮ ಮಕ್ಕಳಿಗೆ ಡೊಳ್ಳು, ಭಜನೆ, ಬಯಲಾಟ, ಯಕ್ಷಗಾನ ಮನೆಯ ಪಕ್ಕದಲ್ಲೇ ಇದೆ. ಆದರೆ ಚಿತ್ರಕಲೆ, ಸಂಗೀತ ಹೇಳಿಕೊಡುವ ಮೇಷ್ಟ್ರು ಸರ್ಕಾರಿ ಹೈಸ್ಕೂಲಿನಲ್ಲಿ ಇಲ್ಲದಿದ್ದರೆ, ಕಲೆ ಎಂಬುದು ಪಟ್ಟಣದಲ್ಲಿ ದುಡ್ಡು ಕೊಟ್ಟು ಕಲಿಯುವವರ ಪಾಲಾಗುತ್ತದೆ. ಬೇರೆ ಕಲಾ ಶಾಲೆ ಕಟ್ಟುವ ಮುಂಚೆ ಇರುವ ಶಾಲೆಗೆ ಒಬ್ಬ ಕಲಾ ಶಿಕ್ಷಕರನ್ನು ಕೊಡಿ ಎಂಬುದು ನಮ್ಮ ಒತ್ತಾಯ.

ಮುಂದಿನ ಸಲ ಪ್ರವೇಶಕ್ಕೆ ಹೋದಾಗ ಮೂರು ಪ್ರಶ್ನೆ ಕೇಳಿ. ಎಂಟನೇ ಕ್ಲಾಸಿಗೆ ಎಷ್ಟು ಮಕ್ಕಳು ಸೇರಿದ್ದರು, ಅವರಲ್ಲಿ ಎಷ್ಟು ಮಂದಿ ಇದೇ ಶಾಲೆಯಿಂದ ಹತ್ತನೇ ಪರೀಕ್ಷೆ ಬರೆದರು? ಸೇರಿಸಿಕೊಳ್ಳುವ ಮುಂಚೆ ಟೆಸ್ಟ್ ಇದೆಯಾ? ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ಏನು ಮಾಡುತ್ತೀರಿ? ಊರಿನ ಸರ್ಕಾರಿ ಶಾಲೆಯಲ್ಲೂ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನೇ ಕೇಳಿ. ಬಂದ ಎಲ್ಲರನ್ನೂ ಸೇರಿಸಿಕೊಂಡು, ಯಾರನ್ನೂ ಹೊರಗೆ ಕಳಿಸದೆ ಶೇ. 75 ತಂದ ಶಾಲೆ ನಿಮ್ಮೂರಲ್ಲಿದ್ದರೆ, ಸಾಲ ಮಾಡುವ ಮುಂಚೆ ಒಂದು ಸಲ ಆ ಶಾಲೆಯ ಒಳಗೆ ಹೋಗಿ ನೋಡಿ ಬನ್ನಿ.